ನೆಟ್ ಪಾಸಾಯ್ತು, ಜೆಆರ್‌ಎಫ್ ಬರಲಿಲ್ಲ. ಎಸ್‌ಸಿ ವಿದ್ಯಾರ್ಥಿನಿಗೆ ಪಿಎಚ್‌ಡಿ ಫೆಲೋಶಿಪ್ ದಾರಿ ಹೇಳಿ

ಮೆಣಸಿನ_ಸಾಲು

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಜಿಲ್ಲೆಯವಳು. ಸಮಾಜಶಾಸ್ತ್ರದಲ್ಲಿ ಎಂಎ ಆಗಿದೆ. ಪರಿಶಿಷ್ಟ ಜಾತಿ. ನಮ್ಮ ಮನೆಯಲ್ಲಿ ಎಸ್ಸೆಸ್ಸೆಲ್ಸಿ ದಾಟಿದವಳು ನಾನೇ ಮೊದಲು. ಈ ಸಲ ಯುಜಿಸಿ ನೆಟ್ ಪಾಸಾದೆ. ಸಹಾಯಕ ಪ್ರಾಧ್ಯಾಪಕ ಹುದ್ದೆಗೂ ಪಿಎಚ್‌ಡಿ ಪ್ರವೇಶಕ್ಕೂ ಅರ್ಹತೆ ಬಂದಿದೆ. ಜೆಆರ್‌ಎಫ್, ಅಂದರೆ ನೆಟ್‌ನಲ್ಲಿ ಹೆಚ್ಚು ಅಂಕ ಬಂದವರಿಗೆ ಸಂಶೋಧನೆಗೆ ಕೊಡುವ ಫೆಲೋಶಿಪ್, ಮಾತ್ರ ಸ್ವಲ್ಪದರಲ್ಲಿ ತಪ್ಪಿತು.

ಈಗ ಒಂದು ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ಪಿಎಚ್‌ಡಿ ಮಾಡಬೇಕು, ಕಾಯಂ ಮೇಷ್ಟ್ರಾಗಬೇಕು ಅನ್ನುವುದು ಆಸೆ. ಯಾಕೆ ಅಂತ ಹೇಳಿಬಿಡುತ್ತೇನೆ. ಡಿಗ್ರಿ, ಎಂಎ ಸೇರಿ ಐದು ವರ್ಷ ಓದಿದೆ. ಆ ಐದು ವರ್ಷದಲ್ಲಿ ನಮ್ಮ ಕೇರಿಯಂಥ ಕೇರಿಯಿಂದ ಬಂದ ಒಬ್ಬರೂ ನನಗೆ ಪಾಠ ಮಾಡಲಿಲ್ಲ. ಪಾಠ ಮಾಡಿದವರೆಲ್ಲ ಒಳ್ಳೆಯವರೇ. ಆದರೆ ಏನೋ ಕೇಳಬೇಕು ಅನ್ನಿಸಿದಾಗ ಸ್ಟಾಫ್ ರೂಮಿನ ಬಾಗಿಲ ತನಕ ಹೋಗಿ ವಾಪಸ್ ಬಂದದ್ದು ಎಷ್ಟು ಸಲವೋ.

ಎಸ್‌ಸಿ ವಿದ್ಯಾರ್ಥಿಗಳಿಗೆ ಬೇರೆ ಫೆಲೋಶಿಪ್ ಇದೆಯಂತೆ. ಅರ್ಜಿ ಹೇಗೆ, ಏನೇನು ಕಾಗದ ಬೇಕು, ಸಿನಾಪ್ಸಿಸ್ (ಸಂಶೋಧನೆಯ ಚಿಕ್ಕ ಯೋಜನೆ) ಹೇಗೆ ಬರೆಯಬೇಕು? ಗೊತ್ತಿದ್ದವರು ದಯವಿಟ್ಟು ಹೇಳಿ. ಕೆಲಸ ಬಿಡಬೇಕಾ ಅನ್ನುವುದೂ ಒಂದು ಚಿಂತೆ.

ತುಂಗಭದ್ರೆ

ಮೊದಲು ಅಭಿನಂದನೆ ತಂಗಿ. ನೆಟ್ ಸಣ್ಣ ಮಾತಲ್ಲ.

ನೀನು ಕೇಳಿದ್ದು ಎನ್‌ಎಫ್‌ಎಸ್‌ಸಿ. ಪರಿಶಿಷ್ಟ ಜಾತಿ ವಿದ್ಯಾರ್ಥಿಗಳ ರಾಷ್ಟ್ರೀಯ ಫೆಲೋಶಿಪ್. 2005-06ರಲ್ಲಿ ರಾಜೀವ್ ಗಾಂಧಿ ರಾಷ್ಟ್ರೀಯ ಫೆಲೋಶಿಪ್ ಅಂತ ಶುರುವಾಯಿತು. ನಾನು ಅದೇ ಹಳೇ ಹೆಸರಿನಲ್ಲಿ ಪಡೆದವಳು. ಈಗ ಒಂದು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತೇನೆ. ವರ್ಷಕ್ಕೆ 2,000 ಸ್ಥಾನ. ಮೊದಲು ಯುಜಿಸಿ ನೋಡಿಕೊಳ್ಳುತ್ತಿತ್ತು. 2022ರಿಂದ ಎನ್‌ಎಸ್‌ಎಫ್‌ಡಿಸಿ, ಅಂದರೆ ರಾಷ್ಟ್ರೀಯ ಪರಿಶಿಷ್ಟ ಜಾತಿಗಳ ಹಣಕಾಸು ಮತ್ತು ಅಭಿವೃದ್ಧಿ ನಿಗಮ ನೋಡಿಕೊಳ್ಳುತ್ತಿದೆ. ಹಾಗಾಗಿ ಯುಜಿಸಿ ವೆಬ್‌ಸೈಟ್ ಒಂದನ್ನೇ ನೋಡುತ್ತಾ ಕೂರಬೇಡ. ನಿಗಮದ ವೆಬ್‌ಸೈಟನ್ನೂ ವಾರಕ್ಕೊಮ್ಮೆ ನೋಡು.

ಆಯ್ಕೆ ನೆಟ್ ಅಂಕದ ಮೇಲೆಯೇ. ಜೆಆರ್‌ಎಫ್ ಪಟ್ಟಿಯಲ್ಲಿ ಹೆಸರಿಲ್ಲ ಅಂತ ಕೈಚೆಲ್ಲಬೇಡ. ಎನ್‌ಎಫ್‌ಎಸ್‌ಸಿ ಪಟ್ಟಿ ಬೇರೆಯಾಗಿ, ತಡವಾಗಿ ಬರುತ್ತದೆ. ನೆಟ್ ಅರ್ಜಿ ತುಂಬುವಾಗ ಈ ಫೆಲೋಶಿಪ್ ಬೇಕು ಅಂತ ಗುರುತು ಹಾಕಿದ್ದೆಯಾ? ಅರ್ಜಿಯ ಪಿಡಿಎಫ್ ತೆಗೆದು ನೋಡು.

ಮೊತ್ತ ಎಷ್ಟು ಅಂತ ಮನೆಯಲ್ಲಿ ಕೇಳುತ್ತಾರೆ, ಅಲ್ವಾ? ಮೊದಲ 2 ವರ್ಷ ತಿಂಗಳಿಗೆ 37,000 ರೂಪಾಯಿ. ಆಮೇಲೆ 3 ವರ್ಷ ತಿಂಗಳಿಗೆ 42,000. 2023ರ ಜನವರಿಯಿಂದ ಈ ದರ. ಇದರ ಮೇಲೆ ಪುಸ್ತಕ, ಓಡಾಟ, ಝೆರಾಕ್ಸ್ ಅಂತ ನಿಮ್ಮ ವಿಷಯದವರಿಗೆ ಮೊದಲ ಎರಡು ವರ್ಷ ವರ್ಷಕ್ಕೆ 10,000, ಉಳಿದ ಮೂರು ವರ್ಷ 20,500. ಹಾಸ್ಟೆಲ್ ಸಿಗದಿದ್ದರೆ ಮನೆ ಬಾಡಿಗೆ ಭತ್ಯೆ. ಇದು ಸಾಲ ಅಲ್ಲ, ಯಾರ ದಾನವೂ ಅಲ್ಲ ಅಂತ ಅಪ್ಪ ಅಮ್ಮನಿಗೆ ಬಿಡಿಸಿ ಹೇಳು. ನಮ್ಮ ಅಪ್ಪನಿಗೆ ಅದು ಅರ್ಥವಾಗಲು ಒಂದು ವರ್ಷ ಬೇಕಾಯಿತು. "ಯಾವಾಗ ತೀರಿಸಬೇಕಮ್ಮ?" ಅಂತ ಕೇಳುತ್ತಲೇ ಇದ್ದರು.

ಮೆಣಸಿನ_ಸಾಲು

ಅಕ್ಕ, ಪಿಡಿಎಫ್ ನೋಡಿದೆ. ಗುರುತು ಹಾಕಿದ್ದೇನೆ. ಉಸಿರು ಬಂತು.

ಅಂಚೆ_ಪೆಟ್ಟಿಗೆ

ನಾನು ಹದಿನೈದು ವರ್ಷದಿಂದ ಹೋಬಳಿಯಲ್ಲಿ ಜನರಿಗೆ ಅರ್ಜಿ ತುಂಬಿಕೊಡುವ ಕೆಲಸ ಮಾಡುತ್ತೇನೆ. ಕಾಗದದ ವಿಷಯ ನಾನು ಹೇಳುತ್ತೇನೆ.

ಫೆಲೋಶಿಪ್ ಕೈತಪ್ಪುವುದು ಜಾಸ್ತಿ ಅಂಕದಿಂದ ಅಲ್ಲ, ಹೆಸರಿನಿಂದ. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರು, ಮುಂದೆ ಅಪ್ಪನ ಹೆಸರಿನ ಮೊದಲಕ್ಷರ. ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು. ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಮನೆತನದ ಹೆಸರು. ಜಾತಿ ಪ್ರಮಾಣಪತ್ರದಲ್ಲಿ ಗ್ರಾಮ ಲೆಕ್ಕಿಗರು ಬರೆದುಕೊಟ್ಟ ಹಾಗೆ. ಹೀಗೆ ನಾಲ್ಕು ಕಡೆ ನಾಲ್ಕು ಥರ. ಕಂಪ್ಯೂಟರ್‌ಗೆ ಅದು ನಾಲ್ಕು ಜನ. ದುಡ್ಡು ಹೋಗಿ ಖಾತೆಯ ಬಾಗಿಲಲ್ಲೇ ನಿಲ್ಲುತ್ತದೆ.

ಈ ವಾರವೇ ಎಲ್ಲ ಕಾಗದವನ್ನೂ ನೆಲದ ಮೇಲೆ ಹರಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಮೂಲ ಅಂತ ಇಟ್ಟುಕೊಳ್ಳಿ. ಆಧಾರ್ ಮತ್ತು ಬ್ಯಾಂಕ್ ಖಾತೆಯನ್ನು ಅದಕ್ಕೆ ಸರಿಯಾಗಿ ತಿದ್ದಿಸಿ. ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತ ಬ್ಯಾಂಕಿನಲ್ಲಿ ಬಾಯಿಮಾತಿಗೆ ಕೇಳಬೇಡಿ, ಬರೆಸಿಕೊಳ್ಳಿ. ಜಾತಿ ಪ್ರಮಾಣಪತ್ರ ನಾಡಕಚೇರಿಯಿಂದ ಹೊಸದಾಗಿ ತೆಗೆಸಿ, ಆರ್‌ಡಿ ಸಂಖ್ಯೆ ಸ್ಪಷ್ಟವಾಗಿ ಕಾಣುವಂತೆ ಸ್ಕ್ಯಾನ್ ಮಾಡಿ. ಮೊಬೈಲ್ ಫೋಟೊ ಬೇಡ.

ಒಬ್ಬ ಹುಡುಗ ನನ್ನ ಹತ್ತಿರ ಬಂದಿದ್ದ. ಆಯ್ಕೆ ಪಟ್ಟಿಯಲ್ಲಿ ಹೆಸರಿತ್ತು. "ಮಲ್ಲಪ್ಪ" ಅನ್ನುವಲ್ಲಿ ಒಂದು ಕಡೆ ಎರಡು ಎಲ್, ಇನ್ನೊಂದು ಕಡೆ ಒಂದೇ ಎಲ್. ಅಷ್ಟಕ್ಕೆ ಎಂಟು ತಿಂಗಳು ಅಲೆದ. ಆ ಎಂಟು ತಿಂಗಳು ಅವನು ಹಾಸ್ಟೆಲ್ ಮೆಸ್‌ನಲ್ಲಿ ಸಾಲ ಹೇಳಿ ಊಟ ಮಾಡಿದ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಕೃಷ್ಣೆಯ_ದಂಡೆ

ನಾನು ಒಬಿಸಿ. ಅಣ್ಣ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಮಗೂ ಎನ್‌ಎಫ್‌ಒಬಿಸಿ ಇದೆ, ವರ್ಷಕ್ಕೆ 1,000 ಸ್ಥಾನ. ಆದರೆ ನಮ್ಮ ರಾಜ್ಯದ ಪ್ರವರ್ಗ 1, 2ಎ, 3ಎ, 3ಬಿ ಪ್ರಮಾಣಪತ್ರ ಅಲ್ಲಿ ನಡೆಯುವುದಿಲ್ಲ. ಕೇಂದ್ರದ ಒಬಿಸಿ ಪಟ್ಟಿ ಬೇರೆ, ನಮೂನೆ ಬೇರೆ. ನಾನು ರಾಜ್ಯದ್ದನ್ನೇ ಅಪ್‌ಲೋಡ್ ಮಾಡಿ ಒಂದು ವರ್ಷ ಕಳೆದುಕೊಂಡೆ. ಕೆನೆಪದರಕ್ಕೆ ಸೇರಿಲ್ಲ ಅನ್ನುವ ಮಾತು ಕೇಂದ್ರದ ನಮೂನೆಯಲ್ಲೇ ಇರಬೇಕು. ತಹಶೀಲ್ದಾರರ ಕಚೇರಿಯಲ್ಲಿ "ಕೇಂದ್ರ ಸರ್ಕಾರದ ಉದ್ದೇಶಕ್ಕೆ" ಅಂತ ಮೊದಲೇ ಹೇಳಿ.

ಬೀದರ್_ಬೆಳಕು

ಓದುತ್ತಾ ಓದುತ್ತಾ ಹೊಟ್ಟೆ ಹಿಂಡಿದಂತಾಯಿತು. ನಾನು ಅಲ್ಪಸಂಖ್ಯಾತ ಸಮುದಾಯದವಳು. ನಮಗೆ 2009ರಲ್ಲಿ ಶುರುವಾದ ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್ ಇತ್ತು. ನಾನು ಎಂಎ ಎರಡನೇ ವರ್ಷದಲ್ಲಿದ್ದಾಗ, 2022ರ ಡಿಸೆಂಬರ್‌ನಲ್ಲಿ, ಅದನ್ನು ನಿಲ್ಲಿಸಿದ್ದೇವೆ ಅಂತ ಲೋಕಸಭೆಯಲ್ಲಿ ಹೇಳಿದರು. ಬೇರೆ ಯೋಜನೆಗಳಲ್ಲೇ ಇದು ಅಡಕವಾಗುತ್ತದೆ ಅನ್ನುವುದು ಕೊಟ್ಟ ಕಾರಣ. ಆಗಲೇ ಪಡೆಯುತ್ತಿದ್ದವರಿಗೆ ಅವಧಿ ಮುಗಿಯುವ ತನಕ ಕೊಡುತ್ತಾರೆ. ನನ್ನಂಥ ಹೊಸಬರಿಗೆ ಬಾಗಿಲು ಮುಚ್ಚಿತು.

ನಮ್ಮ ಬೀದಿಯಲ್ಲಿ ಬಿಎ ಓದುವ ಹುಡುಗಿಯರೇ ಬೆರಳೆಣಿಕೆ. ಆ ಫೆಲೋಶಿಪ್ ಪಡೆದ ಒಬ್ಬ ಅಕ್ಕ ನಮ್ಮ ಊರಿಗೆ ಬಂದು ಉರ್ದು ಶಾಲೆಯಲ್ಲಿ ಮಾತಾಡಿದ್ದರು. ಪಿಎಚ್‌ಡಿ ಅನ್ನುವ ಮಾತು ನಾನು ಮೊದಲು ಕೇಳಿದ್ದೇ ಅವರ ಬಾಯಲ್ಲಿ. ಈಗಿನ ಮಕ್ಕಳು ಯಾರ ಬಾಯಲ್ಲಿ ಕೇಳಬೇಕು?

ಅಂಚೆ_ಪೆಟ್ಟಿಗೆ

ತಂಗಿ, ನಿಮ್ಮ ಸಮುದಾಯ ಕೇಂದ್ರದ ಒಬಿಸಿ ಪಟ್ಟಿಯಲ್ಲಿ ಇದೆಯಾ ನೋಡಿದ್ದೀರಾ? ಮುಸ್ಲಿಮರಲ್ಲಿ ಕೆಲವು ಸಮುದಾಯಗಳು ಅದರಲ್ಲಿವೆ. ಇದ್ದರೆ ಎನ್‌ಎಫ್‌ಒಬಿಸಿಗೆ ಹಾಕಬಹುದು. ಅಪ್ಪ ಅಮ್ಮನಿಗೆ ನೀವೊಬ್ಬಳೇ ಮಗಳಾಗಿದ್ದರೆ ಯುಜಿಸಿಯ ಸಾವಿತ್ರಿಬಾಯಿ ಜ್ಯೋತಿರಾವ್ ಫುಲೆ ಫೆಲೋಶಿಪ್ ಕೂಡ ಇದೆ, ಅದಕ್ಕೆ ಜಾತಿ ಧರ್ಮದ ಲೆಕ್ಕವಿಲ್ಲ. ನಮ್ಮ ರಾಜ್ಯದ ಅಲ್ಪಸಂಖ್ಯಾತರ ನಿರ್ದೇಶನಾಲಯವೂ ಪಿಎಚ್‌ಡಿ ಮಾಡುವವರಿಗೆ ನೆರವು ಕೊಡುತ್ತದೆ. ಜಿಲ್ಲಾ ಕಚೇರಿಗೆ ಹೋಗಿ ಕೇಳಿ.

ಬೀದರ್_ಬೆಳಕು

ಒಬ್ಬಳೇ ಮಗಳಲ್ಲ ಅಣ್ಣ, ನಾವು ನಾಲ್ವರು. ಪಟ್ಟಿ ನೋಡುತ್ತೇನೆ. ಜಿಲ್ಲಾ ಕಚೇರಿಗೂ ಸೋಮವಾರ ಹೋಗುತ್ತೇನೆ.

ಗುಡ್ಡದ_ದಾರಿ

ಎಸ್‌ಟಿ ವಿದ್ಯಾರ್ಥಿಗಳು ಯಾರಾದರೂ ಓದುತ್ತಿದ್ದರೆ: ನಮ್ಮದು ಎನ್‌ಎಫ್‌ಎಸ್‌ಟಿ. ವರ್ಷಕ್ಕೆ 750. ನೋಡುವುದು ಕೇಂದ್ರದ ಬುಡಕಟ್ಟು ವ್ಯವಹಾರಗಳ ಸಚಿವಾಲಯ. ನೆಟ್ ಬೇಕಿಲ್ಲ, ಸ್ನಾತಕೋತ್ತರ ಪದವಿಯ ಅಂಕದ ಮೇಲೆ ಆಯ್ಕೆ. ಇದು ನಮ್ಮವರಿಗೆ ಗೊತ್ತೇ ಇಲ್ಲ. ನೆಟ್ ಆಗಲಿಲ್ಲ ಅಂತ ಸುಮ್ನೆ ಕೂತವರನ್ನು ನಾನೇ ನೋಡಿದ್ದೇನೆ.

ನಾನು ಚಾಮರಾಜನಗರ ಜಿಲ್ಲೆಯ ಪೋಡಿನವನು, ಅಂದರೆ ಕಾಡಿನ ಹಾಡಿಯವನು. ಪೋರ್ಟಲ್ ತೆರೆದ ದಿನ ನೆಟ್‌ವರ್ಕ್ ಸಿಗದೆ ಬೆಟ್ಟದ ತುದಿಯ ಬಂಡೆ ಹತ್ತಿ ಅರ್ಜಿ ಹಾಕಿದೆ. ಅಂಗವಿಕಲ ವಿದ್ಯಾರ್ಥಿಗಳಿಗೂ ಬೇರೆ ರಾಷ್ಟ್ರೀಯ ಫೆಲೋಶಿಪ್ ಇದೆ, ಅದನ್ನೂ ಹೇಳಿಬಿಡುತ್ತೇನೆ.

ಮಲೆನಾಡ_ಮಳೆ

ಒಂದು ಪ್ರಶ್ನೆ ಇದೆ. ಕೋಪದಿಂದ ಕೇಳುತ್ತಿಲ್ಲ, ನಂಬಿ. ನಮ್ಮಪ್ಪ ಹಳ್ಳಿ ದೇವಸ್ಥಾನದ ಅರ್ಚಕರು. ತಟ್ಟೆ ಕಾಸಿನಲ್ಲೇ ಓದಿದ್ದೇನೆ. ನನಗೂ ಪಿಎಚ್‌ಡಿ ಮಾಡುವ ಆಸೆ, ದುಡ್ಡಿಲ್ಲ. ಬಡತನ ನೋಡಿ ಕೊಟ್ಟರೆ ಸಾಲದೇ? ಮೇಷ್ಟ್ರ ಜಾತಿ ಯಾವುದಾದರೇನು, ಪಾಠ ಚೆನ್ನಾಗಿ ಮಾಡಿದರೆ ಸಾಕಲ್ವಾ?

ತುಂಗಭದ್ರೆ

ತಮ್ಮಾ, ನಿನ್ನ ಬಡತನ ನಿಜ. ಜೆಆರ್‌ಎಫ್‌ನಲ್ಲಿ ಆರ್ಥಿಕವಾಗಿ ಹಿಂದುಳಿದವರಿಗೆ 10 ಶೇಕಡಾ ಮೀಸಲಿದೆ. ನೀನು ಅದಕ್ಕೆ ಓದಬೇಕು, ಪುಸ್ತಕ ಬೇಕಿದ್ದರೆ ನಾನು ಕಳಿಸುತ್ತೇನೆ.

ಆದರೆ ಈ ಫೆಲೋಶಿಪ್ ಬಡತನಕ್ಕೆ ಮಾತ್ರ ಹುಟ್ಟಿದ್ದಲ್ಲ. ನೂರು ವರ್ಷದ ಹಿಂದಿನ ಒಂದು ಸಂಗತಿ ಹೇಳುತ್ತೇನೆ. ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರು 1913ರಲ್ಲಿ ಒಬ್ಬ ಯುವಕನನ್ನು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಓದಲು ಕಳಿಸಿದರು. ತಿಂಗಳಿಗೆ ಹನ್ನೊಂದೂವರೆ ಪೌಂಡ್, ಮೂರು ವರ್ಷ. ಆ ಯುವಕ ಅಂಬೇಡ್ಕರ್. ಓದಿ ಬಂದರು, 1917ರಲ್ಲಿ ಬರೋಡದಲ್ಲಿ ಕೆಲಸಕ್ಕೆ ಸೇರಿದರು. ಇರಲು ಮನೆ ಕೊಡುವವರಿಲ್ಲ. ಉಳಿದಿದ್ದ ಪಾರ್ಸಿ ವಸತಿಗೃಹದಿಂದಲೂ ಹೊರಗೆ ಹಾಕಿದರು. 1918ರಲ್ಲಿ ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರೊಫೆಸರ್ ಆದರು. ಅಲ್ಲಿ ಜೊತೆಯ ಪ್ರೊಫೆಸರುಗಳು ಏನಂದರು ಗೊತ್ತಾ? ನಾವು ನೀರು ಕುಡಿಯುವ ಹೂಜಿಯನ್ನು ಇವರು ಮುಟ್ಟಬಾರದು ಅಂದರು.

ಕೊಲಂಬಿಯಾದಲ್ಲಿ ಓದಿ ಬಂದ ಪ್ರೊಫೆಸರ್. ಸಂಬಳ ಇತ್ತು. ನೀರಿನ ಹೂಜಿ ಇರಲಿಲ್ಲ. ಈಗ ಹೂಜಿ ಹೋಗಿ ಬಾಟಲಿ ಬಂದಿದೆ, ನಿಜ. ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಒಬ್ಬ ಹಿರಿಯರು "ನೀವು ಯಾವ ಕೋಟಾ?" ಅಂತ ಕೇಳಿದರು. ನನ್ನ ವಿಷಯ ಯಾವುದು ಅಂತ ಕೇಳಿದ್ದು ಆರು ತಿಂಗಳಾದ ಮೇಲೆ.

ಮೇಷ್ಟ್ರ ಜಾತಿ ಯಾವುದಾದರೇನು ಅಂದೆ. ಪಾಠ ಕೇಳುವಾಗ ಏನೂ ಇಲ್ಲ, ಒಪ್ಪುತ್ತೇನೆ. ಆದರೆ ಮೇಷ್ಟ್ರು ಪಾಠವನ್ನಷ್ಟೇ ಮಾಡುವುದಿಲ್ಲ. ಯಾವುದು ಸಂಶೋಧನೆಗೆ ತಕ್ಕ ವಿಷಯ, ಯಾವುದು ಅಲ್ಲ ಅಂತ ತೀರ್ಮಾನಿಸುತ್ತಾರೆ. ಸಂದರ್ಶನದಲ್ಲಿ ಕೂರುತ್ತಾರೆ. ಯಾರಿಗೆ ಗೈಡ್ ಆಗಬೇಕು, ಯಾರಿಗೆ ಸೀಟಿಲ್ಲ ಅನ್ನಬೇಕು ಅಂತ ಅವರೇ ಹೇಳುತ್ತಾರೆ. ಮೇಲಿನ ತಂಗಿ ಸ್ಟಾಫ್ ರೂಮಿನ ಬಾಗಿಲಿಂದ ವಾಪಸ್ ಬಂದೆ ಅಂತ ಬರೆದಿದ್ದಾಳೆ, ಓದಿದೆಯಲ್ಲ? ನನ್ನ ಬಾಗಿಲಿಂದ ಯಾವ ಹುಡುಗಿಯೂ ಹಾಗೆ ವಾಪಸ್ ಹೋಗುವುದಿಲ್ಲ. ಬಡವರ ಮನೆಯ ನಿನ್ನಂಥ ಹುಡುಗರೂ ನನ್ನ ಹತ್ತಿರವೇ ಬಂದು ಕೂರುತ್ತಾರೆ.

ಮಲೆನಾಡ_ಮಳೆ

ಅಕ್ಕ, ಹೂಜಿಯ ವಿಷಯ ನನಗೆ ಗೊತ್ತಿರಲಿಲ್ಲ. ನನ್ನನ್ನು ಯಾರೂ ಯಾವ ಕೋಟಾ ಅಂತ ಕೇಳಿಲ್ಲ, ಅದು ನಿಜ. ದುಡ್ಡಿನ ಕಷ್ಟದ ಬಗ್ಗೆ ನನ್ನ ಪ್ರಶ್ನೆ ಹಾಗೇ ಇದೆ. ಆದರೂ ನೀವು ಹೇಳಿದ್ದನ್ನು ಯೋಚಿಸುತ್ತೇನೆ. ಪುಸ್ತಕ ಬೇಕು.

ಅತಿಥಿ_ಹತ್ತು_ವರ್ಷ

ನಾನು ಹತ್ತು ವರ್ಷದಿಂದ ಅತಿಥಿ ಉಪನ್ಯಾಸಕ. ಕೆಲಸ ಬಿಡಬೇಕಾ ಅನ್ನುವ ಪ್ರಶ್ನೆಗೆ ನನ್ನ ಅನುಭವ ಹೇಳುತ್ತೇನೆ. ತಂಗಿ, ಬಿಡುವ ಮುಂಚೆ ಹತ್ತು ಸಲ ಯೋಚನೆ ಮಾಡಿ.

ಫೆಲೋಶಿಪ್ ತೆಗೆದುಕೊಂಡರೆ ಸಂಬಳ ಬರುವ ಬೇರೆ ಕೆಲಸ ಮಾಡುವಂತಿಲ್ಲ. ಪೂರ್ಣಾವಧಿ ಸಂಶೋಧನೆ ಅಂತ ಬರೆದುಕೊಡಬೇಕು. ಫೆಲೋಶಿಪ್ ದುಡ್ಡು ತಿಂಗಳಿಗೆ ಸರಿಯಾಗಿ ಬಂದರೆ ಚಿಂತೆಯಿಲ್ಲ. ಆದರೆ ಆರು ತಿಂಗಳು ಬರದೆ, ಆಮೇಲೆ ಒಟ್ಟಿಗೆ ಬಂದದ್ದನ್ನು ಎಷ್ಟೋ ಜನ ಹೇಳುತ್ತಾರೆ. ಮನೆ ಬಾಡಿಗೆ ಆರು ತಿಂಗಳು ಕಾಯುತ್ತದಾ? ಹೈದರಾಬಾದಿನಲ್ಲಿ ಪಿಎಚ್‌ಡಿ ವಿದ್ಯಾರ್ಥಿ ರೋಹಿತ್ ವೇಮುಲ 2016ರ ಜನವರಿಯಲ್ಲಿ ತೀರಿಕೊಂಡಾಗ ಅವನಿಗೆ ಏಳು ತಿಂಗಳ ಫೆಲೋಶಿಪ್ ಬಾಕಿ ಇತ್ತು. ಕೊನೆಯ ಪತ್ರದಲ್ಲೂ ಅವನು ಅದರ ಲೆಕ್ಕ ಬರೆದಿದ್ದ. ಅದನ್ನು ನೆನೆದರೆ ಈಗಲೂ ಕೈ ನಡುಗುತ್ತದೆ.

ಇನ್ನೊಂದು. 2023ರ ಜುಲೈಯಿಂದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ನೆಟ್ ಅಥವಾ ಕೆಸೆಟ್ (ರಾಜ್ಯದ ಅರ್ಹತಾ ಪರೀಕ್ಷೆ) ಇದ್ದರೆ ಸಾಕು, ಪಿಎಚ್‌ಡಿ ಕಡ್ಡಾಯ ಅಲ್ಲ ಅಂತ ಯುಜಿಸಿ ಹೇಳಿದೆ. ನಿಮಗೆ ನೆಟ್ ಆಗಿದೆ. ಹುದ್ದೆ ಕರೆದಾಗ ನೇರವಾಗಿ ಹಾಕಬಹುದು.

ತುಂಗಭದ್ರೆ

ಅಣ್ಣ ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ನಾನು ಇಲ್ಲಿ ಒಪ್ಪುವುದಿಲ್ಲ.

ಕನಿಷ್ಠ ಅರ್ಹತೆ ಬೇರೆ, ಆಯ್ಕೆ ಬೇರೆ. ವಿಶ್ವವಿದ್ಯಾಲಯದ ಹುದ್ದೆಗೆ ಸಂದರ್ಶನಕ್ಕೆ ಯಾರನ್ನು ಕರೆಯಬೇಕು ಅಂತ ಅಂಕ ಹಾಕುವಾಗ ಪಿಎಚ್‌ಡಿಗೆ ಅಂಕ ಇದ್ದೇ ಇದೆ. ಪ್ರಕಟಣೆಗೂ ಇದೆ. ಪಿಎಚ್‌ಡಿ ಇಲ್ಲದೆ ಹೋದ ನಮ್ಮ ಹುಡುಗರಿಗೆ "ಸೂಕ್ತ ಅಭ್ಯರ್ಥಿ ಸಿಗಲಿಲ್ಲ" ಅಂತ ಬರೆದು ಹುದ್ದೆ ಖಾಲಿ ಬಿಡುವುದು ಸುಲಭ. ಆ ಸಾಲನ್ನು ಬರೆಯಲು ಅವಕಾಶವೇ ಕೊಡಬಾರದು.

ರೋಸ್ಟರ್, ಅಂದರೆ ಎಷ್ಟನೇ ಹುದ್ದೆ ಯಾವ ವರ್ಗಕ್ಕೆ ಅನ್ನುವ ಪಟ್ಟಿ, ಅದರ ಗಲಾಟೆ ನೆನಪಿದೆಯಾ? ಅಲಹಾಬಾದ್ ಹೈಕೋರ್ಟ್ 2017ರಲ್ಲಿ ಮೀಸಲಾತಿಗೆ ಇಡೀ ವಿಶ್ವವಿದ್ಯಾಲಯ ಅಲ್ಲ, ಒಂದೊಂದು ವಿಭಾಗವನ್ನೇ ಘಟಕ ಅಂತ ಹಿಡಿಯಬೇಕು ಅಂದಿತು. 13 ಬಿಂದುಗಳ ರೋಸ್ಟರ್ ಬಂತು. ಅದರಲ್ಲಿ ನಾಲ್ಕನೇ ಹುದ್ದೆ ಒಬಿಸಿಗೆ, ಏಳನೆಯದು ಎಸ್‌ಸಿಗೆ, ಹದಿನಾಲ್ಕನೆಯದು ಎಸ್‌ಟಿಗೆ. ನಮ್ಮ ವಿಭಾಗದಲ್ಲಿ ಇರುವುದೇ ಐದು ಹುದ್ದೆ. ಏಳನೇ ಕುರ್ಚಿ ಎಲ್ಲಿಂದ ತರುವುದು? ಹದಿನಾಲ್ಕನೆಯದನ್ನು ಮರೆತೇಬಿಡಿ. ದೇಶದ ಎಲ್ಲ ಕಡೆ ಮೇಷ್ಟ್ರುಗಳು ಬೀದಿಗೆ ಇಳಿದರು. ಕೊನೆಗೆ 2019ರಲ್ಲಿ ಕಾನೂನು ಮಾಡಿ, ಕೇಂದ್ರದ ಸಂಸ್ಥೆಗಳಲ್ಲಿ ಇಡೀ ಸಂಸ್ಥೆಯನ್ನೇ ಒಂದು ಘಟಕ ಅಂತ ಹಿಡಿಯಬೇಕು ಅಂದರು. ಅಷ್ಟು ಹೋರಾಡಿ ಉಳಿಸಿಕೊಂಡ ಕುರ್ಚಿಗೆ ಕೂರಲು ಜನ ತಯಾರಿರಬೇಕಲ್ಲ. ಆ ಜನರನ್ನು ತಯಾರು ಮಾಡುವುದು ಈ ಫೆಲೋಶಿಪ್.

ದುಡ್ಡು ತಡವಾಗುವ ಮಾತು ನಿಜ. ಅದಕ್ಕೆ ಆರು ತಿಂಗಳ ಖರ್ಚು ಮೊದಲೇ ಕೂಡಿಡಬೇಕು. ಸೇರುವ ದಿನದ ತನಕ ಅತಿಥಿ ಕೆಲಸ ಬಿಡಬೇಡ. ಪಿಎಚ್‌ಡಿಗೆ ಸೇರುವಾಗ ಕಾಲೇಜಿನಿಂದ ಬಿಡುಗಡೆ ಪತ್ರ ತೆಗೆದುಕೋ.

ಅತಿಥಿ_ಹತ್ತು_ವರ್ಷ

ಮೇಡಂ, ನಿಮ್ಮ ಮಾತಿಗೆ ಎದುರು ಹೇಳುವುದಿಲ್ಲ. ನನಗೆ ಇಪ್ಪತ್ತೇಳು ವಯಸ್ಸಿದ್ದಾಗ ಯಾರೂ ಇದನ್ನು ಹೀಗೆ ಹೇಳಲಿಲ್ಲ. ಈಗ ಜೆಆರ್‌ಎಫ್ ವಯಸ್ಸು ದಾಟಿದೆ. ತಂಗಿಗೆ ವಯಸ್ಸಿದೆ. ಎಸ್‌ಸಿ ಅವರಿಗೂ ಹೆಣ್ಣುಮಕ್ಕಳಿಗೂ 30ರ ಮೇಲೆ 5 ವರ್ಷ ಸಡಿಲಿಕೆ ಇದೆ. ಆರು ತಿಂಗಳ ಖರ್ಚು ಕೂಡಿಡು ಅಂದರಲ್ಲ, ಅದನ್ನು ಮಾತ್ರ ಮರೆಯಬೇಡಿ.

ಮೆಣಸಿನ_ಸಾಲು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನೆಲದ ಮೇಲೆ ಕಾಗದ ಹರಡಿದೆ. ಆಧಾರ್‌ನಲ್ಲಿ ನನ್ನ ಹುಟ್ಟಿದ ತಿಂಗಳೇ ತಪ್ಪಿದೆ! ನಾಳೆ ಹೋಗುತ್ತೇನೆ.

ಸಿನಾಪ್ಸಿಸ್ ಒಂದು ಬರೆದಿದ್ದೇನೆ ಅಕ್ಕ. ಶೀರ್ಷಿಕೆ: "ಗ್ರಾಮೀಣ ಮಹಿಳೆಯರ ಸಬಲೀಕರಣ: ಒಂದು ಸಮಾಜಶಾಸ್ತ್ರೀಯ ಅಧ್ಯಯನ." ಪರವಾಗಿಲ್ವಾ?

ತುಂಗಭದ್ರೆ

ತಂಗಿ, ಬೇಜಾರು ಮಾಡಿಕೊಳ್ಳಬೇಡ. ಈ ಶೀರ್ಷಿಕೆಯ ಪ್ರಬಂಧ ಪ್ರತಿ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲೂ ಒಂದಾದರೂ ಇರುತ್ತದೆ. ನೆಟ್ ಅಂಕದ ಮೇಲೆ ಪಿಎಚ್‌ಡಿ ಸೀಟು ಕೊಡುವ ಕಡೆ, ಜೆಆರ್‌ಎಫ್ ಇಲ್ಲದವರಿಗೆ 70 ಭಾಗ ನೆಟ್ ಅಂಕಕ್ಕೆ, 30 ಭಾಗ ಸಂದರ್ಶನಕ್ಕೆ. ಆ 30 ನಿನ್ನ ಕೈಯಲ್ಲಿದೆ. ಪ್ರವೇಶಕ್ಕೆ ಆ ನೆಟ್ ಅಂಕ ಒಂದೇ ವರ್ಷ ನಡೆಯುತ್ತದೆ ಅನ್ನುವುದೂ ನೆನಪಿರಲಿ.

ನಿಮ್ಮ ಮನೆಯಲ್ಲಿ ಏನು ಕೆಲಸ? ನಿನ್ನ ಹೆಸರು ಮೆಣಸಿನ ಸಾಲು ಅಂತ ಯಾಕೆ?

ಮೆಣಸಿನ_ಸಾಲು

ಅವ್ವ ಬ್ಯಾಡಗಿ ಕಡೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುತ್ತಾಳೆ. ಸೀಸನ್‌ನಲ್ಲಿ ಬೆಳಗಿನಿಂದ ಸಂಜೆ ತನಕ. ಕೆಂಪು ರಾಶಿಯ ಸುತ್ತ ಹೆಂಗಸರು ಸಾಲಾಗಿ ಕೂರುತ್ತಾರೆ. ಕೂಲಿ ಕೆಜಿ ಲೆಕ್ಕ. ಬ್ಯಾಡಗಿ ಕಾಯಿಗೆ ಖಾರ ಕಮ್ಮಿ, ಬಣ್ಣ ಜಾಸ್ತಿ ಅನ್ನುತ್ತಾರೆ. ಅವ್ವನ ಕೈಗೆ ಮಾತ್ರ ಉರಿ ಅಷ್ಟೇ. ಚಿಕ್ಕವಳಿದ್ದಾಗ ರಾತ್ರಿ ಅವ್ವ ನನ್ನ ಮುಖ ಮುಟ್ಟುತ್ತಿರಲಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿ, ಕೈ ಎರಡನ್ನೂ ಮಡಿಲಲ್ಲಿ ಅಂಗಾತ ಇಟ್ಟುಕೊಂಡು ಕೂರುತ್ತಿದ್ದಳು. ನಾನೇ ಅವಳಿಗೆ ತುತ್ತು ಮಾಡಿ ತಿನ್ನಿಸಿದ್ದೂ ಇದೆ.

ಅಲ್ಲಿ ಯಾವ ಜಾತಿಯವರು ರಾಶಿಯ ಹತ್ತಿರ ಕೂರುತ್ತಾರೆ, ಯಾರು ತೂಕ ಮಾಡುತ್ತಾರೆ, ಯಾರು ಲೆಕ್ಕದ ಪುಸ್ತಕ ಹಿಡಿಯುತ್ತಾರೆ ಅನ್ನುವುದು ಎಲ್ಲರಿಗೂ ಗೊತ್ತು. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಇದೆಲ್ಲ ಸಂಶೋಧನೆ ಆಗುತ್ತದಾ ಅಕ್ಕ? ಇದು ನಮ್ಮ ಮನೆ ಕಥೆ.

ತುಂಗಭದ್ರೆ

ಇದೇ ಆಗುತ್ತದೆ. ಇದನ್ನು ಓದಿ ನಾನು ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ.

ನೀನು ಈಗ ಬರೆದ ಎರಡನೇ ಪ್ಯಾರಾ ಇದೆಯಲ್ಲ, ಅದರಲ್ಲಿ ಮೂರು ಸಂಶೋಧನಾ ಪ್ರಶ್ನೆ ಇವೆ. ಕೆಲಸ ಹಂಚಿಕೆಯಲ್ಲಿ ಜಾತಿ ಮತ್ತು ಹೆಣ್ಣು ಗಂಡಿನ ಭೇದ ಹೇಗೆ ಕೆಲಸ ಮಾಡುತ್ತದೆ? ಕೆಜಿ ಲೆಕ್ಕದ ಕೂಲಿಯನ್ನು ಯಾರು, ಹೇಗೆ ನಿರ್ಧರಿಸುತ್ತಾರೆ? ಕೈಯ ಉರಿಯಂಥ ಕಷ್ಟ ಯಾರ ಲೆಕ್ಕದ ಪುಸ್ತಕದಲ್ಲಿ ಬರುತ್ತದೆ? ನಿನ್ನ ಶೀರ್ಷಿಕೆಯಲ್ಲಿ ಬ್ಯಾಡಗಿ ಇರಬೇಕು, ತೊಟ್ಟು ಬಿಡಿಸುವ ಕೆಲಸ ಇರಬೇಕು. ಸಬಲೀಕರಣ ಅನ್ನುವ ಪದ ಈಗ ಬೇಡ.

ಒಂದು ಎಚ್ಚರ. ಅವ್ವನ ಕಥೆಯನ್ನು ಪ್ರಸ್ತಾವನೆಯಲ್ಲಿ ಎರಡು ಮೂರು ಸಾಲಿಗೆ ನಿಲ್ಲಿಸು. ಅದನ್ನು ಓದಿ ಸಮಿತಿಯವರು ಅಯ್ಯೋ ಅನ್ನಬಾರದು. ಈ ಹುಡುಗಿಗೆ ಈ ಕ್ಷೇತ್ರ ನಮಗಿಂತ ಚೆನ್ನಾಗಿ ಗೊತ್ತು ಅನ್ನಬೇಕು. ಎಷ್ಟು ಹೆಂಗಸರನ್ನು ಮಾತಾಡಿಸುತ್ತೀಯ, ಯಾವ ಸೀಸನ್‌ನಲ್ಲಿ, ಎಪಿಎಂಸಿ ದಾಖಲೆ ಏನೇನು ನೋಡುತ್ತೀಯ, ಅದನ್ನು ಬಿಡಿಸಿ ಬರೆ. ಮೂರು ಪುಟ ಸಾಕು. ಬರೆದು ನನಗೆ ಕಳಿಸು.

ದೂರದ_ಕಿಟಕಿ

ನಾನು ದಾವಣಗೆರೆಯವನು, ಈಗ ಅಮೆರಿಕದಲ್ಲಿ ಪಾಠ ಮಾಡುತ್ತೇನೆ. ಅಕ್ಕ ಹೇಳಿದ ಈ ಮಾತು ಇಲ್ಲಿಗೂ ಸರಿ.

ಇಲ್ಲಿ ಫೋರ್ಡ್ ಫೌಂಡೇಶನ್ ಫೆಲೋಶಿಪ್ ಅಂತ ಇತ್ತು. ಕಾಲೇಜು, ವಿಶ್ವವಿದ್ಯಾಲಯಗಳ ಮೇಷ್ಟ್ರುಗಳಲ್ಲಿ ಎಲ್ಲ ಜನಾಂಗದವರೂ ಇರಬೇಕು ಅನ್ನುವುದೇ ಅದರ ಗುರಿ. ಅಲ್ಲಿಯ ನಾಗರಿಕರು, ಕಾಯಂ ನಿವಾಸಿಗಳಂಥವರಿಗೆ ಮಾತ್ರ. ವಿದ್ಯಾರ್ಥಿ ವೀಸಾದಲ್ಲಿ ಬಂದ ನನಗೆ ಇರಲಿಲ್ಲ. ನನ್ನ ಜೊತೆ ಓದುತ್ತಿದ್ದ ಕರಿಯ ಜನಾಂಗದ ಗೆಳತಿ ಹಾಕಿದ್ದಳು. ಸಂಶೋಧನೆಯ ಯೋಜನೆಯ ಜೊತೆ ತನ್ನ ಬಗ್ಗೆಯೂ ಒಂದು ಬರಹ ಕೊಡಬೇಕಿತ್ತು. ಅವಳು ಅದನ್ನು ಹನ್ನೊಂದು ಸಲ ತಿದ್ದಿದಳು. ಮೊದಲ ಕರಡಿನ ತುಂಬ ಕಷ್ಟಗಳೇ ಇದ್ದವು. ಕೊನೆಯದರಲ್ಲಿ ಅವಳು ಸಂಜೆ ಹೊತ್ತು ಗಣಿತ ಹೇಳಿಕೊಟ್ಟ ಮಕ್ಕಳಿದ್ದರು, ಮುಂದೆ ಕಲಿಸಬೇಕೆಂದಿದ್ದ ಪಾಠಗಳಿದ್ದವು. ಅವಳಿಗೆ ಸಿಕ್ಕಿತು.

2022ರಲ್ಲಿ ಆ ಫೌಂಡೇಶನ್ ಈ ಫೆಲೋಶಿಪ್ಪನ್ನು ಮುಗಿಸುತ್ತೇವೆ ಅಂತ ಹೇಳಿತು. ಬೀದರಿನ ತಂಗಿ ಬರೆದದ್ದೂ ಅದೇ ವರ್ಷದ ಮಾತು. ಎರಡೂ ದೇಶದಲ್ಲಿ ಒಂದೇ ವರ್ಷ. ಇರುವ ಫೆಲೋಶಿಪ್‌ಗಳಿಗೆ ಇರುವಾಗಲೇ ಅರ್ಜಿ ಹಾಕಿ, ದಯವಿಟ್ಟು. ಸ್ಥಾನ ಖಾಲಿ ಉಳಿದರೆ, ಬೇಡಿಕೆಯೇ ಇಲ್ಲ ಅಂತ ಹೇಳುವವರಿಗೆ ಅದೇ ಸಾಕಾಗುತ್ತದೆ.

ಹೊರದೇಶಕ್ಕೆ ಬರಬೇಕು ಅನ್ನುವ ಎಸ್‌ಸಿ ವಿದ್ಯಾರ್ಥಿಗಳಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ, ಬೇರೆ ಕೆಲವು ವರ್ಗದವರೂ ಸೇರಿ ಒಟ್ಟು 125 ಸ್ಥಾನ. ಆದರೆ 2022ರಿಂದ ಭಾರತದ ಸಂಸ್ಕೃತಿ, ಇತಿಹಾಸ, ಸಮಾಜದ ಮೇಲಿನ ಅಧ್ಯಯನಕ್ಕೆ ಅದು ಇಲ್ಲ ಅಂತ ನಿಯಮ ತಂದರು. ಹಾಗಾಗಿ ಬ್ಯಾಡಗಿಯ ವಿಷಯ ಇಟ್ಟುಕೊಂಡು ಅದಕ್ಕೆ ಹಾಕುವಂತಿಲ್ಲ. ನನಗೆ ಇದು ತುಂಬಾ ನೋವಿನ ಸಂಗತಿ. ನಮ್ಮ ಊರನ್ನು ದೂರದಿಂದ ನೋಡಿದಾಗಲೇ ನನಗೆ ಎಷ್ಟೋ ಅರ್ಥವಾಗಿದ್ದು.

ಗುಡ್ಡದ_ದಾರಿ

ಸೇರಿದ ಮೇಲಿನ ಕೆಲಸ ಯಾರೂ ಹೇಳಲಿಲ್ಲ. ವಿಶ್ವವಿದ್ಯಾಲಯ ಯುಜಿಸಿ ಕಾಯ್ದೆಯ 2(ಎಫ್), 12(ಬಿ) ಪಟ್ಟಿಯಲ್ಲಿ (ಯುಜಿಸಿ ಮಾನ್ಯತೆ, ಅನುದಾನದ ಅರ್ಹತೆ ಇರುವವುಗಳ ಪಟ್ಟಿ) ಇದೆಯಾ ಅಂತ ಸೇರುವ ಮುಂಚೆ ನೋಡಿ. ಜಾಯಿನಿಂಗ್ ರಿಪೋರ್ಟ್‌ಗೆ ಗೈಡ್, ವಿಭಾಗದ ಮುಖ್ಯಸ್ಥರು, ರಿಜಿಸ್ಟ್ರಾರ್ ಮೂವರ ಸಹಿ, ಮೊಹರು. ಒಬ್ಬರು ರಜೆ ಹೋದರೆ ಒಂದು ವಾರ ಹೋಯಿತು.

ಆಮೇಲೆ ಪ್ರತಿ ತಿಂಗಳೂ ನೀವು ಸಂಶೋಧನೆ ಮಾಡುತ್ತಿದ್ದೀರಿ ಅಂತ ವಿಶ್ವವಿದ್ಯಾಲಯ ಪೋರ್ಟಲ್‌ನಲ್ಲಿ ದೃಢಪಡಿಸಬೇಕು. ಒಬ್ಬರು ಹಾಕುತ್ತಾರೆ, ಇನ್ನೊಬ್ಬರು ಒಪ್ಪುತ್ತಾರೆ. ಮೇಕರ್, ಚೆಕರ್ ಅಂತ ಕರೆಯುತ್ತಾರೆ. ಇವರಿಬ್ಬರು ಯಾರು ಅಂತ ಮೊದಲ ದಿನವೇ ಹುಡುಕಿ, ನಮಸ್ಕಾರ ಹೇಳಿ ಬನ್ನಿ. ನಮ್ಮಲ್ಲಿ ಚೆಕರ್ ವರ್ಗಾವಣೆಯಾಗಿ ಮೂರು ತಿಂಗಳು ಆ ಜಾಗಕ್ಕೆ ಯಾರೂ ಬರಲಿಲ್ಲ. ನಾವು ಹದಿನೇಳು ಜನ ಒಟ್ಟಿಗೆ ಹೋಗಿ ಮನವಿ ಕೊಟ್ಟ ಮೇಲೆ ಒಂದೇ ದಿನದಲ್ಲಿ ಬೇರೆಯವರನ್ನು ಹಾಕಿದರು. ಒಬ್ಬೊಬ್ಬರೇ ಹೋದಾಗ "ನಾಳೆ ಬಾ" ಅಂದವರೇ ಅವರು.

ಎರಡು ವರ್ಷ ಆದಾಗ ಮೂವರ ಸಮಿತಿ ನಿಮ್ಮ ಕೆಲಸ ನೋಡಿ ಎಸ್‌ಆರ್‌ಎಫ್‌ಗೆ, ಅಂದರೆ ಎರಡು ವರ್ಷದ ನಂತರದ ಹೆಚ್ಚಿನ ದರಕ್ಕೆ, ಏರಿಸಬೇಕು. ದಿನಾಂಕಕ್ಕೆ ಎರಡು ತಿಂಗಳು ಮುಂಚೆಯೇ ಗೈಡ್‌ಗೆ ನೆನಪಿಸಿ. ನಾನು ನಾಚಿಕೆಪಟ್ಟು ಸುಮ್ಮನಿದ್ದೆ. ಐದು ತಿಂಗಳು ಹಳೇ ದರದಲ್ಲೇ ಇದ್ದೆ.

ಬೀದರ್_ಬೆಳಕು

ಜಿಲ್ಲಾ ಕಚೇರಿಗೆ ಹೋಗಿ ಬಂದೆ. ರಾಜ್ಯದ ಅರ್ಜಿ ಮುಂದಿನ ಅಧಿಸೂಚನೆಯಲ್ಲಿ ಬರುತ್ತದಂತೆ, ನನ್ನ ನಂಬರ್ ಬರೆದುಕೊಂಡಿದ್ದಾರೆ. ಕೇಂದ್ರದ ಪಟ್ಟಿಯಲ್ಲಿ ನಮ್ಮ ಸಮುದಾಯದ ಹೆಸರು ಸಿಕ್ಕಿತು. ಅಣ್ಣ, ಆ ನಮೂನೆ ಇದ್ದರೆ ಕಳಿಸುತ್ತೀರಾ? ಡಿಸೆಂಬರ್ ನೆಟ್‌ಗೆ ಮತ್ತೆ ಓದುತ್ತಿದ್ದೇನೆ.

ಅಂಚೆ_ಪೆಟ್ಟಿಗೆ

ಕಳಿಸಿದ್ದೇನೆ ತಂಗಿ. ಅದರಲ್ಲಿ ಅಪ್ಪನ ಹೆಸರು ಬರೆಯುವ ಮುಂಚೆ ಒಮ್ಮೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ನೋಡಿ.

ಮೆಣಸಿನ_ಸಾಲು

ಬಹಳ ದಿನದ ಮೇಲೆ ಬರೆಯುತ್ತಿದ್ದೇನೆ. ಸಂದರ್ಶನ ಆಯಿತು. ಒಬ್ಬ ಸರ್ "ತೊಟ್ಟು ಬಿಡಿಸುವುದರಲ್ಲಿ ಪಿಎಚ್‌ಡಿ ಮಾಡುವಷ್ಟು ಏನಿದೆ?" ಅಂದರು. ಕೈ ಬೆವರಿತು. ಆಮೇಲೆ ಕೆಜಿ ಲೆಕ್ಕ ಹೇಳಿದೆ. ಒಂದು ಕೆಜಿಗೆ ಎಷ್ಟು ಕಾಯಿ ಬರುತ್ತದೆ, ಒಬ್ಬಳು ದಿನಕ್ಕೆ ಎಷ್ಟು ತೊಟ್ಟು ಮುರಿಯುತ್ತಾಳೆ, ತೇವ ಇದ್ದ ದಿನ ತೂಕ ಹೇಗೆ ಬದಲಾಗುತ್ತದೆ, ಆ ವ್ಯತ್ಯಾಸ ಯಾರ ಪಾಲಿಗೆ ಹೋಗುತ್ತದೆ. ಅವ್ವನ ಜೊತೆ ಕೂತು ಎಣಿಸಿಕೊಂಡು ಹೋಗಿದ್ದೆ. ಪಕ್ಕದಲ್ಲಿದ್ದ ಮೇಡಂ ಪೆನ್ ತೆಗೆದು ಬರೆದುಕೊಳ್ಳಲು ಶುರು ಮಾಡಿದರು.

ಸೀಟು ಸಿಕ್ಕಿದೆ. ಎನ್‌ಎಫ್‌ಎಸ್‌ಸಿ ಪಟ್ಟಿ ಇನ್ನೂ ಬಂದಿಲ್ಲ. ಆರು ತಿಂಗಳ ಖರ್ಚಿನಲ್ಲಿ ನಾಲ್ಕು ತಿಂಗಳದ್ದು ಕೂಡಿಟ್ಟಿದ್ದೇನೆ. ಅತಿಥಿ ಕೆಲಸದ ಬಿಡುಗಡೆ ಪತ್ರ ಶುಕ್ರವಾರ ಕೊಡುತ್ತಾರೆ. ಸೋಮವಾರ ವಿಭಾಗಕ್ಕೆ ಹೋಗಬೇಕು. ಏನೇನು ಹಿಡಿದುಕೊಂಡು ಹೋಗಲಿ?

ಗುಡ್ಡದ_ದಾರಿ

ಅಸಲು ಕಾಗದ ಎಲ್ಲ, ಪ್ರತಿಯೊಂದರ ನಾಲ್ಕು ಝೆರಾಕ್ಸ್, ಫೋಟೊ ಎಂಟು. ಬೆಳಗ್ಗೆ ಹತ್ತೂವರೆಗೇ ಹೋಗಿ. ಮಧ್ಯಾಹ್ನದ ಮೇಲೆ ಸಹಿ ಸಿಗುವುದು ಕಷ್ಟ.

ತುಂಗಭದ್ರೆ

ಅವ್ವನನ್ನೂ ಕರೆದುಕೊಂಡು ಹೋಗು ತಂಗಿ. ವಿಭಾಗದ ಒಳಗೆ ಬಂದು ಕುರ್ಚಿಯಲ್ಲಿ ಕೂರಲಿ.